ಪೂವಪ್ಪನ ಬಾಯಿ ಯಾರಿಗೆ?

ಒಗೆಯುವ ಕಲ್ಲಿನ ಪಕ್ಕ ಕುಕ್ಕುರುಗಾಲಿನಲ್ಲಿ ಕೂತ ಪೂವಪ್ಪ ಅರ್ಧ ಬುಟ್ಟಿ ಬೂತಾಯಿ ಮೀನಿನ ತಲೆ ತೆಗೆದಿದ್ದ, ಇನ್ನರ್ಧ ಬಾಕಿ ಇತ್ತು. ಎದುರಿಗೆ ಮೂರು ಬೆಕ್ಕುಗಳು ಸನ್ಮಾನಕ್ಕೆ ಕರೆಸಿಕೊಂಡ ಗಣ್ಯರ ಹಾಗೆ ಸಾಲಾಗಿ ಕೂತಿದ್ದವು. ಅಷ್ಟರಲ್ಲಿ ಕಿಟಕಿಯ ದಂಡೆಯ ಮೇಲಿದ್ದ ಫೋನು ಬಡಿದುಕೊಂಡಿತು. ಎರಡೂ ಕೈಗೆ ಮೀನಿನ ಹುರುಪೆ ಮೆತ್ತಿದ್ದರಿಂದ ಪೂವಪ್ಪ ಎದ್ದು ಮೂಗಿನ ತುದಿಯಿಂದ ಫೋನು ಒತ್ತಿದ. ಮೂಗಿಗೆ ಕಣ್ಣಿಲ್ಲ. ಅದು ಸ್ಪೀಕರನ್ನೂ ಒತ್ತಿಬಿಟ್ಟಿತು. ಆ ದಿನದ ಗಂಡಾಂತರವೆಲ್ಲ ಶುರುವಾದದ್ದು ಆ ಮೂಗಿನಿಂದ.

"ಪೂವಪ್ಪಾ!" ಹಿರಿಯ ನಾಗರಿಕರ ಬಳಗದ ಅಧ್ಯಕ್ಷ ಶೀನಪ್ಪಣ್ಣನ ಸ್ವರ ಹಿತ್ತಿಲಿಡೀ ಹರಡಿತು. "ಹನ್ನೊಂದು ಗಂಟೆಗೆ ಸಭೆ, ಮರೀಬೇಡ ಮಾರಾಯ. ಎಸ್ತೆರ್ ಮೇಡಂ ಹಂಪನಕಟ್ಟೆಯಿಂದ ಬರ್ತಾರೆ. ಅವರ ಮಾತು ಮುಗಿದ ಕೂಡ್ಲೆ ವೇದಿಕೆಯಲ್ಲೇ ಮೊದಲ ಸಹಿ ನಿನ್ನದು. ಕಾರ್ಯದರ್ಶಿಯೇ ಹಿಂದೆ ನಿಂತ್ರೆ ಊರಿನವರು ಮುಂದೆ ಬರ್ತಾರಾ? ಯಾರ ಹೆಸರು ಬರೀತಿ ಅಂತ ಗಟ್ಟಿ ಮಾಡಿ ಇಟ್ಟುಕೋ."

ಒಳಗೆ ಅಡುಗೆಮನೆಯಲ್ಲಿ ತೆಂಗಿನಕಾಯಿ ಹೆರೆಯುತ್ತಿದ್ದ ಸದ್ದು ಟಕ್ಕೆಂದು ನಿಂತಿತು. ಆಚೆಮನೆಯ ಕಾಂಪೌಂಡಿನಲ್ಲಿ ಬಟ್ಟೆ ಕೊಡವುತ್ತಿದ್ದ ಸದ್ದೂ ನಿಂತಿತು.

ವಿಷಯ ಇಷ್ಟೆ. ಮನುಷ್ಯನಿಗೆ ವಯಸ್ಸಾದ ಮೇಲೆ ಒಂದು ದಿನ ಬುದ್ಧಿಯೋ ನಾಲಗೆಯೋ ಕೈಕೊಡಬಹುದು. ಆಗ ಡಾಕ್ಟರು ಬಂದು, ಏನು ಮಾಡಲಿ, ಯಾವುದು ಬೇಡ ಎಂದು ಕೇಳಿದರೆ ಇವನ ಪರವಾಗಿ ಉತ್ತರ ಹೇಳುವವರು ಯಾರು? ಅದನ್ನು ಆರೋಗ್ಯ ನೆಟ್ಟಗಿರುವಾಗಲೇ ಬರೆದು, ಸಾಕ್ಷಿಗಳ ಎದುರು ಸಹಿ ಹಾಕಿ, ಒಂದು ಪ್ರತಿಯನ್ನು ನಗರಪಾಲಿಕೆಗೆ ಕಳಿಸಿಬಿಟ್ಟರೆ ಮುಂದೆ ಯಾರಿಗೂ ತಲೆನೋವಿಲ್ಲ. ಎಲ್ಲರೂ ಮಾಡಿಡಬೇಕಾದ ಕೆಲಸ. ಊರಿಗೆಲ್ಲ ಅದನ್ನು ಸಾರಿ ಹೇಳಿದವನು ಪೂವಪ್ಪನೇ. ಬಸ್ ಸ್ಟಾಪಿನಲ್ಲಿ, ರೇಷನ್ ಅಂಗಡಿಯಲ್ಲಿ, ಸತ್ತವರ ಮನೆಯ ಅಂಗಳದಲ್ಲಿ ಕೂಡ ಹೇಳಿದ್ದ. ಅವನ ಸ್ವಂತ ಪತ್ರ ಮಾತ್ರ ಕಳೆದ ದೀಪಾವಳಿಯಿಂದ ಕಪಾಟಿನಲ್ಲಿ ಮಲಗಿತ್ತು, ಹೆಸರಿನ ಜಾಗ ಖಾಲಿ. ಮೊದಲು ಮಗಳು ಬಹರೈನಿನಿಂದ ಬಂದು ಹೋಗಲಿ ಅಂದ. ಆಮೇಲೆ ಕೋಲ ನೇಮಗಳ ಕಾಲ ಮುಗಿಯುವ ಪತ್ತನಾಜೆ ಕಳೆಯಲಿ ಅಂದ. ಅಷ್ಟರಲ್ಲಿ ಆಟಿ ಬಂತು, ಅಶುಭದ ಆಟಿ ತಿಂಗಳಲ್ಲಿ ಅಂತಹ ಕೆಲಸ ಬೇಡ ಅಂದ. ಈಗ ಆಟಿ ಹೋಗಿ ಸೋಣ ತಿಂಗಳು ಬಂದಿತ್ತು, ಹೇಳಲು ನೆಪವೊಂದೂ ಉಳಿದಿರಲಿಲ್ಲ.

ನೆಪಗಳ ಹಿಂದೆ ಒಂದು ಹೆದರಿಕೆ ಇತ್ತು. ಎರಡು ವರ್ಷದ ಹಿಂದೆ ಮೈಯಲ್ಲಿ ಸೋಡಿಯಂ ಇಳಿದು ಪೂವಪ್ಪ ಆಸ್ಪತ್ರೆ ಸೇರಿದ್ದ. ಕಿವಿ ಕೇಳುತ್ತಿತ್ತು, ನಾಲಗೆ ತಿರುಗುತ್ತಿರಲಿಲ್ಲ. ಮಂಚದ ಈ ಕಡೆ ಹೆಂಡತಿ ಮುದ್ದು, ಆ ಕಡೆ ಕದ್ರಿಯ ಅಕ್ಕ ಸೇಸಮ್ಮ. ನಡುವೆ ಪೂವಪ್ಪ, ಹಗ್ಗಜಗ್ಗಾಟದ ಹಗ್ಗದ ಹಾಗೆ. ಆಗಲೇ ಅವನು ಮನಸ್ಸಿನಲ್ಲಿ ನಿಶ್ಚಯಿಸಿದ್ದ: ಇನ್ನು ಗುಣವಾಗುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಮೂಗಿಗೆ ಬಾಯಿಗೆ ನಳಿಗೆ ಬೇಡ, ಮನೆಗೆ ತಂದು ಚಾವಡಿಯಲ್ಲಿ ಮಲಗಿಸಬೇಕು. ಇಷ್ಟು ಹೇಳಿದರೆ ಹೆಂಡತಿ ಅಳುತ್ತಾಳೆ, ಅಕ್ಕ ಬೈಯುತ್ತಾಳೆ. ಹಾಗಾಗಿ ಯಾರಿಗೂ ಹೇಳಿರಲಿಲ್ಲ.

ಮುದ್ದು ಹಿತ್ತಿಲ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಅರ್ಧ ಹೆರೆದ ತೆಂಗಿನ ಹೋಳು.

"ಯಾರ ಹೆಸರಂತೆ?"

"ಎಂತ ಹೆಸರು?"

"ನನಗೆ ಕಿವಿ ಉಂಟು. ಯಾರ ಹೆಸರು ಬರೀತೀರಿ?"

ಪೂವಪ್ಪ ಒಂದು ಬೂತಾಯಿಯ ಮುಖ ನೋಡಿದ. ಅದೂ ಅವನ ಹಾಗೆಯೇ ಬಾಯಿ ತೆರೆದುಕೊಂಡಿತ್ತು.

"ಇನ್ಯಾರದ್ದು? ನಿನ್ನದೇ."

"ನಿಜ?"

"ನಿಜ ಮಾರಾಯ್ತಿ. ಆಯ್ತು ಅಂದ್ನಲ್ಲ."

ಹೆರೆಯುವ ಸದ್ದು ಮತ್ತೆ ಶುರುವಾಯಿತು, ಈ ಸಲ ಸ್ವಲ್ಪ ರಾಗವಾಗಿ.

ಆದರೆ ಕಾಂಪೌಂಡಿನಾಚೆ ಬಟ್ಟೆ ಕೊಡವುವ ಸದ್ದು ಮತ್ತೆ ಕೇಳಲೇ ಇಲ್ಲ. ಅಲ್ಲಿದ್ದದ್ದು ನಾಝಿಮಾ, ಆಚೆಮನೆಯ ಉಸ್ಮಾನನ ಹೆಂಡತಿ. ಒಳ್ಳೆಯ ಹೆಂಗಸು, ಕಷ್ಟಕ್ಕಾಗುವವಳು. ಸುದ್ದಿಯನ್ನು ಮಾತ್ರ ಬಿಸಿ ಬಿಸಿಯಾಗಿ ದಾಟಿಸದಿದ್ದರೆ ಅವಳಿಗೆ ಅಂಗೈ ಸುಡುತ್ತಿತ್ತು. ಸೇಸಮ್ಮನ ನಂಬರು ಅವಳ ಫೋನಿನಲ್ಲಿ ಆಸ್ಪತ್ರೆಯ ದಿನಗಳಿಂದಲೇ ಇತ್ತು.

ಒಂಬತ್ತೂವರೆಯ ಹೊತ್ತಿಗೆ ಗೇಟಿನ ಚಿಲಕ ಸದ್ದಾಯಿತು. ಸೇಸಮ್ಮ. ಕದ್ರಿಯಿಂದ ಎರಡು ಬಸ್ಸು ಬದಲಿಸಿ, ಕೈಯಲ್ಲಿ ಕೆಸುವಿನೆಲೆಯ ಪತ್ರೊಡೆಯ ಡಬ್ಬಿ ಹಿಡಿದು, ಮದುವೆಯ ದಿಬ್ಬಣದ ಮುಂದಿನವಳ ಹಾಗೆ ಬಂದಿದ್ದಳು.

"ಪೂವ, ನಿನಗಿಷ್ಟ ಅಂತ ತಂದೆ. ತಿನ್ನು. ತಿನ್ನುತ್ತಾ ಕೇಳು."

"ಅಕ್ಕ, ಕೂತ್ಕೊಳ್ಳಿ. ಚಾ..."

"ಚಾ ಆಮೇಲೆ. ನಿನ್ನ ಬಾಯಿ ನಿಂತರೆ ಯಾರು ಮಾತಾಡುವುದು ಅಂತ ಇವತ್ತು ಬರೀತಿಯಂತೆ. ನಮ್ಮ ಬರಿ ಯಾವುದು, ಅವಳ ಬರಿ ಯಾವುದು? ಒಂದೇನಾ?"

ತುಳುವರಲ್ಲಿ ಬರಿ ಎಂದರೆ ತಾಯಿಯ ಕಡೆಯಿಂದ ಬಂದ ಕುಲ. ಅಕ್ಕ ತಮ್ಮನದು ಒಂದೇ, ಗಂಡ ಹೆಂಡತಿಯದು ಯಾವತ್ತೂ ಬೇರೆ.

"ಬೇರೆ ಅಕ್ಕ."

"ಹಾಗಾದರೆ ನಮ್ಮ ಬರಿಯ ಗಂಡಸಿನ ಪರವಾಗಿ ಬೇರೆ ಬರಿಯವರು ಬಾಯಿ ಹಾಕುವುದು ಯಾವ ಕ್ರಮ? ನಾನು ನಿನ್ನನ್ನು ಸೊಂಟದಲ್ಲಿ ಎತ್ತಿಕೊಂಡು ಸಾಕಿದವಳು."

ಒಳಗಿನಿಂದ ಮುದ್ದುವಿನ ಸ್ವರ ಬಂತು. "ಸೋಡಿಯಂ ಇಳಿದಾಗ ಬರಿ ಎಲ್ಲಿಗೆ ಹೋಗಿತ್ತು ಅಕ್ಕ? ರಾತ್ರಿಯಿಡೀ ಮೂತ್ರದ ಪಾತ್ರೆ ಹಿಡಿದದ್ದು ನನ್ನ ಬರಿ!"

"ಪಾತ್ರೆ ಯಾರಾದ್ರೂ ಹಿಡೀತಾರೆ. ಡಾಕ್ಟ್ರ ಎದುರು ಧೈರ್ಯದಲ್ಲಿ ಮಾತಾಡ್ಲಿಕ್ಕೆ ಜನ ಬೇಕು."

"ನೀವು ಮಾತಾಡಿದ್ದಕ್ಕೇ ಅಲ್ವಾ ಆ ಡಾಕ್ಟ್ರು ಮರುದಿನ ರಜೆ ಹಾಕಿದ್ದು!"

ಪೂವಪ್ಪ ಮೂವತ್ತು ವರ್ಷ ಸಿಟಿ ಬಸ್ಸಿನ ಕಂಡಕ್ಟರನಾಗಿದ್ದವನು. ತುಂಬಿದ ಬಸ್ಸಿನಲ್ಲಿ ಎರಡು ಹೆಂಗಸರ ನಡುವೆ ಸಿಕ್ಕಿಬಿದ್ದರೆ ಮುಂದಿನ ಬಾಗಿಲಿನ ಕಡೆ ಜಾರಿಕೊಳ್ಳುವ ವಿದ್ಯೆ ಅವನಿಗೆ ಕರಗತ. ಈಗಲೂ ಹಾಗೇ ಮಾಡಿದ. ಮುದ್ದು ಹಿತ್ತಿಲಿಗೆ ಹೋದದ್ದು ನೋಡಿ, ಅಕ್ಕನನ್ನು ಚಾವಡಿಯ ಮೂಲೆಗೆ ಕರೆದು ಪಿಸುಗುಟ್ಟಿದ. "ಅಕ್ಕ, ಗಲಾಟೆ ಬೇಡ. ಆಯ್ತು. ನಿಮ್ಮದೇ ಹೆಸರು."

"ಹಾಗೆ ಹೇಳು!" ಸೇಸಮ್ಮ ಪತ್ರೊಡೆಯ ಇನ್ನೊಂದು ತುಂಡು ಅವನ ಬಾಯಿಗೆ ತುರುಕಿದಳು. ಪತ್ರೊಡೆ ರುಚಿಯಾಗಿಯೇ ಇತ್ತು.

ಸ್ನಾನ ಮಾಡುವ ನೆಪದಲ್ಲಿ ಬಚ್ಚಲು ಸೇರಿ ಅವನು ಮಗಳು ಅಶ್ಮಿತಾಗೆ ಫೋನು ಮಾಡಿದ. ನಿನ್ನ ಹೆಸರನ್ನೇ ಬರೆದರೆ ಹೇಗೆ ಎಂದು ಕೇಳಿದ.

"ಅಪ್ಪಾ, ನಾನು ಇಷ್ಟು ದೂರ ಬಂದು ಕೂತದ್ದೇ ಅಮ್ಮ ಅತ್ತೆಯ ನಡುವೆ ನಿಲ್ಲಬಾರದು ಅಂತ," ಎಂದು ಅವಳು ನಕ್ಕಳು. "ಸೀರಿಯಸ್ಸಾಗಿ ಹೇಳ್ತೇನೆ, ಯಾರಾದ್ರೂ ಸರಿ, ಇವತ್ತೇ ಬರೆದುಬಿಡಿ. ಹೋದ ಸಲ ನನಗೆ ಆರು ಜನ ಫೋನ್ ಮಾಡಿ ಆರು ಕತೆ ಹೇಳಿದ್ರು. ನಿಮಗೆ ಎಂತ ಬೇಕು ಅಂತ ಒಬ್ಬರೂ ಹೇಳ್ಲಿಲ್ಲ."

ಆ ಮಾತು ಪೂವಪ್ಪನಿಗೆ ತಣ್ಣೀರಿಗಿಂತ ಹೆಚ್ಚು ತಾಗಿತು. ಬಿಳಿ ಅಂಗಿ ಹಾಕಿ, ಪತ್ರವನ್ನು ಕಿಸೆಗಿಟ್ಟು, ಗಂಡಸಾಗಿ ಹೊರಟ.

ಸಭಾಭವನದ ಬಾಗಿಲಲ್ಲೇ ಶೀನಪ್ಪಣ್ಣ ಅವನ ಹೆಗಲಿಗೆ ಕೈ ಹಾಕಿದರು.

"ಮನೆಯಲ್ಲಿ ಯುದ್ಧ ಅಂತೆ? ನಾಝಿಮಾ ಹೇಳಿದ್ಳು. ಒಂದು ಕೆಲಸ ಮಾಡು. ನನ್ನ ಹೆಸರು ಬರೆದುಬಿಡು. ಇಬ್ಬರಿಗೂ ಇಲ್ಲ ಅಂದ್ರೆ ಇಬ್ಬರೂ ಸಮಾಧಾನ. ಬಳಗಕ್ಕೂ ಒಂದು ಗೌರವ."

"ಶೀನಪ್ಪಣ್ಣ, ಅದು..."

"ಎಂತ ಅದು? ನನ್ನ ಮೇಲೆ ನಂಬಿಕೆ ಇಲ್ವಾ?"

"ಛೆ ಛೆ. ಆಯ್ತು, ಆಯ್ತು."

ಹೀಗೆ ಒಂದೇ ಬಾಯಿಗೆ ಮೂವರು ಹಕ್ಕುದಾರರಾದರು. ಮೂವರೂ ಮುಂದಿನ ಸಾಲಿನಲ್ಲಿ, ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲದೆ, ಲಾಟರಿ ಹೊಡೆದವರ ಮುಖ ಮಾಡಿಕೊಂಡು ಕೂತರು. ಅವರ ಹಿಂದೆ ನಾಝಿಮಾ. ಅವಳ ಪಕ್ಕ ಉಸ್ಮಾನ್, ಯಾವತ್ತಿನಂತೆ ಬಾಯಿ ಮುಚ್ಚಿಕೊಂಡು.

ಎಸ್ತೆರ್ ಮೇಡಂ ವಕೀಲೆ, ನೋಟರಿ ಕೂಡ. ಸಣ್ಣ ಆಳು, ಸ್ವರ ಸ್ಪಷ್ಟ. "ಇದು ಹುಷಾರಿರುವಾಗ ಬರೆಯುವ ಪತ್ರ," ಎಂದರು. "ಬುದ್ಧಿ ತಪ್ಪಿದ ಮೇಲೆ ಬರೆಸಿದರೆ ನಡೆಯುವುದಿಲ್ಲ. ಆಸ್ತಿಗೂ ಇದಕ್ಕೂ ಸಂಬಂಧ ಇಲ್ಲ, ಮನೆ ಯಾರಿಗೂ ಹೋಗುವುದಿಲ್ಲ. ನಿಮಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ನೀವೇ ಹೇಳ್ತೀರಿ. ನಿಮ್ಮ ಮಾತು ನಿಂತಾಗ ಅದನ್ನು ಡಾಕ್ಟರಿಗೆ ಮುಟ್ಟಿಸುವವರು ಯಾರು ಅಂತ ನೀವೇ ಬರೀತೀರಿ. ಸಂಬಂಧಿಕರಾಗಬಹುದು, ನಿಮ್ಮ ಪರವಾಗಿ ನಿಲ್ಲಲು ಒಪ್ಪುವ ನಂಬಿಕೆಯವರಾಗಬಹುದು. ಬರೆದಿಟ್ಟರೆ ನಿಮಗೂ ನಿದ್ದೆ ಬರ್ತದೆ, ಮನೆಯವರಿಗೂ."

ಚಪ್ಪಾಳೆ ಬಿತ್ತು. ಶೀನಪ್ಪಣ್ಣ ಪೂವಪ್ಪನನ್ನು ವೇದಿಕೆಗೆ ದೂಡಿದರು. ಮೈಕಿನ ಸಮದ್ ಪೀಂ ಎನ್ನುತ್ತಿದ್ದ ಮೈಕಿಗೆ ಎರಡು ಪೆಟ್ಟು ಹಾಕಿ ಸರಿಮಾಡಿದ.

"ಯಾರ ಹೆಸರು ಬರೆಯೋಣ?" ಎಸ್ತೆರ್ ಮೇಡಂ ಪೆನ್ನು ತೆರೆದರು.

ಮುಂದಿನ ಸಾಲಿನಲ್ಲಿ ಮೂವರು ಒಟ್ಟಿಗೆ ಎದ್ದು ನಿಂತರು. ಎದ್ದವರು ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಮೂವರೂ ಪೂವಪ್ಪನನ್ನು ನೋಡಿದರು. ಪೂವಪ್ಪ ಫ್ಯಾನು ನೋಡಿದ.

"ನನಗೆ ಹೇಳಿದ್ದು!" ಎಂದಳು ಮುದ್ದು.

"ನನಗೆ! ಪತ್ರೊಡೆ ತಿನ್ನುತ್ತಾ ಹೇಳಿದ್ದಾನೆ!" ಎಂದಳು ಸೇಸಮ್ಮ.

"ನನಗೆ ಈಗ ಬಾಗಿಲಲ್ಲಿ..." ಎಂದ ಶೀನಪ್ಪಣ್ಣ ಅರ್ಧಕ್ಕೇ ನಿಲ್ಲಿಸಿದರು.

ಸಭೆ ಹೊಟ್ಟೆ ಹಿಡಿದು ನಕ್ಕಿತು. "ಒಬ್ಬರಿಗಿಂತ ಹೆಚ್ಚು ಹೆಸರೂ ಬರೆಯಬಹುದು," ಎಂದರು ಎಸ್ತೆರ್ ಮೇಡಂ. "ಆದರೆ ಅವರೊಳಗೆ ಹೊಂದಾಣಿಕೆ ಇರಬೇಕು."

"ಮೇಡಂ," ಎಂದಳು ನಾಝಿಮಾ ಹಿಂದಿನಿಂದ, "ಮೀನು ಸಾರಿಗೆ ಹುಳಿ ಎಷ್ಟು ಅಂತ ಈ ಅತ್ತಿಗೆ ನಾದಿನಿ ಇನ್ನೂ ಒಪ್ಪಲಿಲ್ಲ."

ಎಸ್ತೆರ್ ಮೇಡಂ ನಗಲಿಲ್ಲ. "ಹಾಗಾದರೆ ಮೂವರಿಗೂ ಒಂದೇ ಪ್ರಶ್ನೆ. ಪೂವಪ್ಪನವರಿಗೆ ಮಾತು ನಿಂತಿದೆ, ಗುಣವಾಗುವ ಲಕ್ಷಣ ಇಲ್ಲ ಅಂತ ಡಾಕ್ಟರು ಹೇಳ್ತಾರೆ. ಆಗ ಅವರಿಗೆ ಏನು ಬೇಕು?"

"ಡಾಕ್ಟ್ರು ಎಂತ ಹೇಳ್ತಾರೋ ಅದೆಲ್ಲ ಬೇಕು," ಎಂದಳು ಮುದ್ದು. ಹೇಳುವಾಗಲೇ ಕಣ್ಣು ತುಂಬಿತು. "ನಳಿಗೆಯೋ ಮಿಷನ್ನೋ, ಎಷ್ಟು ದಿನ ಬೇಕಾದ್ರೂ. ನನಗೆ ಇವರು ಇದ್ರೆ ಸಾಕು."

"ಎಂತದ್ದೂ ಬೇಡ!" ಎಂದಳು ಸೇಸಮ್ಮ. "ಸಣ್ಣದರಿಂದ ಅವನಿಗೆ ಸೂಜಿ ಅಂದ್ರೆ ನಡುಕ. ಕಾರಿನಲ್ಲಿ ಹಾಕಿ ನಾಟಿ ಮದ್ದಿನ ಪಂಡಿತರ ಹತ್ರ ಕೊಂಡುಹೋಗ್ತೇನೆ. ಅಲ್ಲಿ ಆಗದಿದ್ರೆ ಇನ್ನೊಬ್ಬ ಪಂಡಿತರು, ಕಾಸರಗೋಡಿನಲ್ಲಿ ಇದ್ದಾರೆ."

"ಕಾರ್ಯಕಾರಿ ಸಮಿತಿ ಕರೆದು ನಿರ್ಣಯ ಮಾಡ್ತೇವೆ," ಎಂದರು ಶೀನಪ್ಪಣ್ಣ. "ಕೋರಂ ಇದ್ರೆ."

"ಪೂವಪ್ಪನವರೇ, ಈಗ ನೀವು ಹೇಳಿ. ನಿಮಗೆ ಏನು ಬೇಕು?"

ಪೂವಪ್ಪ ಬಾಯಿ ತೆರೆದ. "ನನಗೆ..."

"ಅವರಿಗೆ ಹೇಳ್ಲಿಕ್ಕೆ ನಾಚಿಕೆ," ಎಂದಳು ಮುದ್ದು.

"ನನಗೆ, ಅದು..."

"ಅವನಿಗೆ ಎಂತ ಗೊತ್ತುಂಟು! ಸಣ್ಣದರಿಂದ ನಾನೇ ಹೇಳಿದ್ದು," ಎಂದಳು ಸೇಸಮ್ಮ.

ಅಷ್ಟಕ್ಕೆ ಸಭೆಯೂ ಸೇರಿಕೊಂಡಿತು. ಪೂವಪ್ಪನಿಗೆ ಆಯುರ್ವೇದ ಒಳ್ಳೆಯದು ಎಂದು ಒಬ್ಬರು, ಮೊದಲು ಗಡ್ಡ ತೆಗೆಸಲಿ ಎಂದು ಇನ್ನೊಬ್ಬರು. ಮೂರನೆಯವರು ತಮ್ಮ ಭಾವನಿಗೆ ನಳಿಗೆ ಹಾಕಿದ ಕತೆಯನ್ನು ಮೊದಲಿನಿಂದ ಶುರುಮಾಡಿದರು. ಆರೋಗ್ಯ ಗಟ್ಟಿಯಿದ್ದು, ಕೈಯಲ್ಲಿ ಮೈಕೂ ಇದ್ದ ಮನುಷ್ಯನಿಗೆ ತನ್ನ ಬಗ್ಗೆ ಒಂದು ವಾಕ್ಯ ಹೇಳಲು ಜಾಗ ಸಿಗಲಿಲ್ಲ. ಎಸ್ತೆರ್ ಮೇಡಂ ಅವನ ಕಡೆ ಬಗ್ಗಿ ಮೆಲ್ಲನೆ ಅಂದರು: "ನಿಮಗೆ ಈ ಪತ್ರ ಮುಂದಕ್ಕಲ್ಲ, ಈಗಲೇ ಬೇಕಿತ್ತು."

ಪೂವಪ್ಪನೊಳಗೆ ಎಲ್ಲಿಯೋ ಮಲಗಿದ್ದ ಕಂಡಕ್ಟರ್ ಎದ್ದ.

"ಹೋಲ್ಡಾನ್!"

ಆ ಕೂಗಿಗೆ ಸಭೆ ಇಡೀ ಗಕ್ಕನೆ ನಿಂತಿತು. ಅಲ್ಲಿದ್ದವರಲ್ಲಿ ಅರ್ಧ ಜನ ಒಂದು ಕಾಲದಲ್ಲಿ ಅವನ ಬಸ್ಸಿನಲ್ಲಿ ಓಡಾಡಿದವರು. ಕೆಲವರು ಅಭ್ಯಾಸದಿಂದ ಮುಂದಿನ ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ನನಗೆ ಎಂತ ಬೇಕು ಅಂತ ನಾನೇ ಹೇಳ್ತೇನೆ. ಗುಣ ಆಗುವ ಕಾಯಿಲೆಗೆ ಯಾವ ಮದ್ದಾದ್ರೂ ಕೊಡಿ, ಸೂಜಿಯೂ ಹಾಕಿ. ಗುಣ ಆಗುವುದಿಲ್ಲ ಅಂತ ಡಾಕ್ಟ್ರು ಹೇಳಿದ್ರೆ ನಳಿಗೆ ಬೇಡ, ಮಿಷನ್ ಬೇಡ, ಪಂಡಿತರೂ ಬೇಡ. ನೋವಿಗೆ ಮಾತ್ರ ಮದ್ದು ಕೊಟ್ಟು ಮನೆಗೆ ತನ್ನಿ. ಚಾವಡಿಯಲ್ಲಿ ಮಲಗಿಸಿ. ಬಸ್ಸು ಹೋಗುವ ಸದ್ದು ಕೇಳ್ತಾ ಇರ್ತೇನೆ. ಮುದ್ದು ಹತ್ತಿರ ಕೂತ್ರೆ ಸಾಕು. ಅಕ್ಕನೂ ಕೂರಲಿ, ಜಗಳ ಮಾಡದೆ."

ಮುದ್ದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಸೇಸಮ್ಮ ಡಬ್ಬಿಯ ಮುಚ್ಚಳ ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆದಳು.

"ಹೆಸರು?" ಎಂದರು ಎಸ್ತೆರ್ ಮೇಡಂ.

ಪೂವಪ್ಪ ಸಭೆಯನ್ನೊಮ್ಮೆ ನೋಡಿದ. ಆ ಗದ್ದಲದಲ್ಲಿ ಬಾಯಿ ಹಾಕದ ಒಬ್ಬನೇ ಒಬ್ಬ ಮನುಷ್ಯ ಅಲ್ಲಿದ್ದ. ಆಸ್ಪತ್ರೆಯ ದಿನಗಳಲ್ಲೂ ಅವನು ಹೊರಗಿನ ಬೆಂಚಿನಲ್ಲಿ ಚಾದ ಫ್ಲಾಸ್ಕು ಹಿಡಿದು ಕೂತಿದ್ದ, ಯಾರಿಗೂ ಒಂದು ಸಲಹೆ ಕೊಟ್ಟವನಲ್ಲ.

"ಉಸ್ಮಾನ್. ಆಚೆಮನೆಯ ಉಸ್ಮಾನ್."

ಉಸ್ಮಾನ್ ಬೆಚ್ಚಿ ಎದ್ದ. ಇಡೀ ಸಭೆ ಅವನ ಕಡೆ ತಿರುಗಿತು.

"ಒಪ್ಪಿಗೆ ಉಂಟಾ?" ಎಂದು ಕೇಳಿದರು ಎಸ್ತೆರ್ ಮೇಡಂ. "ಪೂವಪ್ಪನವರು ಹೇಳಿದ್ದನ್ನು ಹೇಳಿದ ಹಾಗೆಯೇ ಡಾಕ್ಟರಿಗೆ ಹೇಳ್ತೀರಾ?"

"ಆಯ್ತು," ಎಂದ ಉಸ್ಮಾನ್.

ಪೂವಪ್ಪನಿಗೆ ಆ ಒಂದು ಪದ ಆಲಾಪನೆಯಂತೆ ಕೇಳಿಸಿತು. ಹೆಸರು ಬರೆದದ್ದಾಯಿತು. ಪೂವಪ್ಪ ಸಹಿ ಹಾಕಿದ. ಶೀನಪ್ಪಣ್ಣ ಒಂದಿಷ್ಟು ಮುಖ ದಪ್ಪ ಮಾಡಿಕೊಂಡೇ ಸಾಕ್ಷಿ ಹಾಕಿದರು, ಸಮದ್ ಇನ್ನೊಂದು ಸಾಕ್ಷಿ ಹಾಕಿದ, ಎಸ್ತೆರ್ ಮೇಡಂ ಮುದ್ರೆ ಒತ್ತಿದರು. ಅವನ ಧೈರ್ಯ ನೋಡಿ ಊರಿನವರಿಗೂ ಧೈರ್ಯ ಬಂತು. ನನಗೊಂದು, ನನಗೊಂದು ಎಂದು ಜನ ವೇದಿಕೆಯ ಮೆಟ್ಟಿಲಲ್ಲಿ ಸಾಲುಗಟ್ಟಿದರು. ಕಾರ್ಯಕ್ರಮ ಅಷ್ಟು ಚೆನ್ನಾಗಿ ಆದದ್ದು ಬಳಗದ ಚರಿತ್ರೆಯಲ್ಲೇ ಇಲ್ಲ.

ಮಧ್ಯಾಹ್ನ ಮನೆಯಲ್ಲಿ ಬಿರುಗಾಳಿ ಏಳುತ್ತದೆಂದು ಪೂವಪ್ಪ ಹೆದರುತ್ತಲೇ ಹೋದ. ಎದ್ದದ್ದು ತಂಗಾಳಿ. ಮುದ್ದು ಹುರಿದ ಬೂತಾಯಿಯನ್ನು ಅವನ ಬಟ್ಟಲಿಗೆ ಒತ್ತಾಯ ಮಾಡಿ ಹಾಕಿದಳು. ಸೇಸಮ್ಮ ಸಾರು ಕುಡಿದು, "ಹುಳಿ ಸರಿಯಾಗಿದೆ ಮುದ್ದು," ಎಂದಳು. ಮೂವತ್ತು ವರ್ಷದಲ್ಲಿ ಆ ಮನೆಯಲ್ಲಿ ಅಂತಹ ಮಾತು ಯಾರೂ ಕೇಳಿರಲಿಲ್ಲ. ಊಟವಾದ ಮೇಲೆ ಮುದ್ದು, ನಾಝಿಮಾಳ ಪಾತ್ರೆ ವಾಪಸು ಕೊಟ್ಟು ಬರುತ್ತೇನೆ ಎಂದು ಆಚೆಮನೆಗೆ ಹೋಗಿ ಬಂದಳು. ಅವಳು ಬಂದ ಮೇಲೆ ಸೇಸಮ್ಮ, ಅವರ ಮಲ್ಲಿಗೆ ಗಿಡ ನೋಡಿ ಬರುತ್ತೇನೆ ಎಂದು ಹೋದಳು. ಪೂವಪ್ಪ ಚಾವಡಿಯಲ್ಲಿ ಕಾಲು ಚಾಚಿ, ಗಟ್ಟಿ ಮಾತಾಡಿದರೆ ಲೋಕ ಹೇಗೆ ನೆಟ್ಟಗಾಗುತ್ತದೆ ಎಂದು ಯೋಚಿಸುತ್ತಾ ಸಣ್ಣ ನಿದ್ದೆ ತೆಗೆದ.

ಮೂರು ಗಂಟೆಗೆ ಉಸ್ಮಾನನ ಸ್ಕೂಟರಿನ ಹಿಂದೆ ಕೂತು ಪೋಸ್ಟ್ ಆಫೀಸಿಗೆ ಹೋದ. ನಗರಪಾಲಿಕೆಯ ವಿಳಾಸ ಬರೆದ ಕವರನ್ನು ಕೌಂಟರಿನ ತಕ್ಕಡಿಯ ಮೇಲಿಟ್ಟಾಗ ಎದೆಯ ಮೇಲಿನ ಕಡೆಯುವ ಕಲ್ಲು ಇಳಿಸಿದಂತಾಯಿತು.

"ಸ್ಪೀಡ್ ಪೋಸ್ಟ್," ಎಂದ ಕೌಂಟರಿನವನಿಗೆ. ಆಮೇಲೆ ಉಸ್ಮಾನನ ಬೆನ್ನು ತಟ್ಟಿದ. "ಇನ್ನು ನನಗೆ ಚಿಂತೆ ಇಲ್ಲ ಮಾರಾಯ. ನನ್ನ ಮಾತು ಗಟ್ಟಿ ಜಾಗದಲ್ಲಿ ಉಂಟು."

ಉಸ್ಮಾನ್ ಟೊಪ್ಪಿ ತೆಗೆದು ತಲೆ ಕೆರೆದುಕೊಂಡ. "ಪೂವಪ್ಪಣ್ಣ, ಒಂದು ವಿಷಯ. ನೀವು ಬೇಸರ ಮಾಡ್ಬಾರ್ದು."

"ಎಂತ ಬೇಸರ? ಹೇಳು."

"ಮಧ್ಯಾಹ್ನ ಮುದ್ದಕ್ಕ ಬಂದಿದ್ರು. ಅತ್ತರು. ಡಾಕ್ಟ್ರು ಹೇಳಿದ್ದೆಲ್ಲ ಮಾಡಿಸಬೇಕು, ನನ್ನನ್ನು ಕೇಳದೆ ಬೇಡ ಅನ್ನಬಾರದು ಅಂದ್ರು. ಅಳುವವರಿಗೆ ಎಂತ ಹೇಳುವುದು? ಆಯ್ತು ಅಂದೆ."

ಪೂವಪ್ಪನ ಕೈ ಅವನ ಬೆನ್ನಿನ ಮೇಲೆಯೇ ನಿಂತಿತು.

"ಆಮೇಲೆ ಸೇಸಕ್ಕ ಬಂದ್ರು. ಕಾಸರಗೋಡಿನ ಪಂಡಿತರ ನಂಬರ್ ಕೊಟ್ರು. ಹಿರಿಯರು, ಇಲ್ಲ ಅನ್ಲಿಕ್ಕೆ ಆಗ್ತದಾ? ಅವರಿಗೂ ಆಯ್ತು ಅಂದೆ."

"ಉಸ್ಮಾನ್..."

"ಈಗ ಬರುವ ಮೊದಲು ಶೀನಪ್ಪಣ್ಣನ ಫೋನು. ಸಮಿತಿ ಕರೀದೆ ಎಂತದ್ದೂ ಮಾಡ್ಬೇಡ ಅಂತ. ಅಧ್ಯಕ್ಷರಲ್ವಾ? ಆಯ್ತು ಅಂದೆ."

"ಮತ್ತೆ ನಾನು? ನಾನು ಹೇಳಿದ್ದು?"

ಉಸ್ಮಾನನ ಮುಖ ಅರಳಿತು. ಒಂದಕ್ಕಾದರೂ ಸುಲಭದ ಉತ್ತರ ಸಿಕ್ಕಿತಲ್ಲ ಎಂಬ ಸಮಾಧಾನ ಅದರಲ್ಲಿತ್ತು.

"ನಿಮಗೂ ಆಯ್ತು ಅಂದಿದ್ದೇನಲ್ಲ ಪೂವಪ್ಪಣ್ಣ. ಸಭೆಯಲ್ಲಿ, ಎಲ್ಲರ ಎದುರು."

ಪೂವಪ್ಪ ತಕ್ಕಡಿಯ ಕಡೆ ಕೈ ಚಾಚಿದ. ತಕ್ಕಡಿ ಖಾಲಿ ಇತ್ತು. ಕೌಂಟರಿನವನು ಕವರಿಗೆ ಚೀಟಿ ಅಂಟಿಸಿ, ದಬ್ಬೆಂದು ಮುದ್ರೆ ಹೊಡೆದು, ಹಿಂದಿನ ಚೀಲಕ್ಕೆ ಎಸೆದಿದ್ದ. ಬಾಗಿಲಲ್ಲಿ ಕಾದಿದ್ದ ಮನುಷ್ಯ ಚೀಲದ ಬಾಯಿ ಕಟ್ಟಿ ಹೆಗಲಿಗೇರಿಸಿದ. ದೀಪಾವಳಿಯಿಂದ ಕಪಾಟಿನಲ್ಲಿ ಮಲಗಿದ್ದ ಪತ್ರದ ಪ್ರತಿ ಕೆಂಪು ವ್ಯಾನು ಹತ್ತಿ ನಗರದ ಕಡೆ ಹೊರಟುಹೋಯಿತು.